35 ಮಿ.ಮೀ. ಸೆರಾಮಿಕ್ ಕಾರ್ಟ್ರಿಡ್ಜ್: ತೊಟ್ಟಿಕ್ಕುವ ಎರಡು ನಲ್ಲಿಗಳಿಗೆ ಹಾಕಿ ನೋಡಿದ ಮೇಲೆ

ಅಡುಗೆಮನೆ ಸಿಂಕಿನ ಮಿಕ್ಸರ್ ನಲ್ಲಿಗೆ (ಬಿಸಿ, ತಣ್ಣೀರು ಎರಡನ್ನೂ ಒಂದೇ ಹಿಡಿಯಲ್ಲಿ ಬೆರೆಸುವ ನಲ್ಲಿ) ಹೊಸ ಕಾರ್ಟ್ರಿಡ್ಜ್, ಅಂದರೆ ಹಿಡಿಯ ಕೆಳಗೆ ಕೂತು ನೀರು ಬಿಡುವ, ನಿಲ್ಲಿಸುವ ಒಳಭಾಗ, ಹಾಕಿ ಕೆಲವು ತಿಂಗಳಾಯಿತು. ತೊಟ್ಟಿಕ್ಕುವುದು ನಿಂತಿದೆ. ಹಿಡಿ ಒಂದೇ ಬೆರಳಿಗೆ ಏಳುತ್ತದೆ. ಹಿಡಿಯ ಬುಡದಲ್ಲಿ ಒಸರುತ್ತಿದ್ದ ನೀರೂ ಈಗಿಲ್ಲ. ಅದರ ಜೊತೆಗೇ ಕೈ ತೊಳೆಯುವ ಬೇಸಿನ್ನಿನ ನಲ್ಲಿಗೂ ಒಂದು ಹಾಕಿದೆ. ಅಡುಗೆಮನೆಯದಕ್ಕೆ ತಂದಿದ್ದು ಹೆಸರಿಲ್ಲದ್ದು, ಯಾವ ನಲ್ಲಿಗೂ ಹೊಂದುತ್ತದೆ ಅಂತ ಮಾರುವ 35 ಮಿ.ಮೀ. ಕಾರ್ಟ್ರಿಡ್ಜ್. ಬೇಸಿನ್ನಿಗೆ ತಂದಿದ್ದು ಆ ನಲ್ಲಿ ಮಾಡಿದ ಕಂಪನಿಯೇ ಕೊಡುವ ಬಿಡಿಭಾಗ. ಎರಡೂ ಒಂದೇ ಅಳತೆ, ಎರಡರ ಒಳಗೂ ಸೆರಾಮಿಕ್ ಬಿಲ್ಲೆಗಳೇ. ಹಾಗಾಗಿ ಪಕ್ಕಪಕ್ಕ ಇಟ್ಟು ನೋಡಲು, ಬಳಸಿ ನೋಡಲು ಒಳ್ಳೆಯ ಅವಕಾಶ ಸಿಕ್ಕಿತು.

ಮೊದಲೇ ಹೇಳಿಬಿಡುತ್ತೇನೆ, ಎರಡೂ ಕೆಲಸ ಮಾಡುತ್ತವೆ. ನಲ್ಲಿ ಹಳೆಯದಾಯಿತು ಅಂತ ಪೂರ್ತಿ ನಲ್ಲಿಯನ್ನೇ ಕಿತ್ತು ಹೊಸದು ಹಾಕುವವರು ಒಂದು ಸಲ ಇದನ್ನು ಮಾಡಿ ನೋಡಲೇಬೇಕು. ಹಿತ್ತಾಳೆಯ ಮೈ ಸರಿಯಾಗಿದ್ದರೆ ಆ ನಲ್ಲಿಗೆ ಇನ್ನೂ ತುಂಬ ಆಯುಷ್ಯವಿದೆ. ಆದರೆ ಕಾರ್ಟ್ರಿಡ್ಜ್ ಆರಿಸುವಾಗ ಬಹಳಷ್ಟು ಜನ ಹಿಡಿ ಕೂರುವ ಮೇಲಿನ ಕಡ್ಡಿಯನ್ನು ಎರಡು ಸಲ ಆಚೀಚೆ ತಿರುಗಿಸಿ, 'ಆಹಾ, ಎಷ್ಟು ನುಣುಪಾಗಿದೆ' ಅಂತ ತಗೊಂಡುಬಿಡುತ್ತಾರೆ. ಆ ನುಣುಪು ಗ್ರೀಸಿನದು. ಹೊಸ ಕಾರ್ಟ್ರಿಡ್ಜ್ ಯಾವುದಾದರೂ ಹಾಗೇ ಇರುತ್ತದೆ. ನೋಡಬೇಕಾದದ್ದು ಬೇರೆ: ಅಡಿಯಲ್ಲಿರುವ ರಬ್ಬರ್, ಕೂರುವ ಗೂಟಗಳು, ಕಡ್ಡಿಯ ಅಲುಗಾಟ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ತೆಗೆದ ಹಳೆಯ ಕಾರ್ಟ್ರಿಡ್ಜನ್ನು ನಾನು ಬಿಚ್ಚಿ ನೋಡಿದೆ. ಅಡಿಯ ಪ್ಲಾಸ್ಟಿಕ್ ತಟ್ಟೆ ಸಣ್ಣ ಕ್ಲಿಪ್ಪುಗಳ ಮೇಲೆ ನಿಂತಿರುತ್ತದೆ, ಚಪ್ಪಟೆ ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿದರೆ ಬರುತ್ತದೆ. ಒಳಗೆ ಎರಡು ಬಿಲ್ಲೆಗಳು. ಕೆಳಗಿನದು ಅಲುಗಾಡುವುದಿಲ್ಲ, ಅದರಲ್ಲಿ ಬಿಸಿ ನೀರಿಗೆ, ತಣ್ಣೀರಿಗೆ, ಹೊರಹೋಗುವ ನೀರಿಗೆ ಅಂತ ಮೂರು ತೂತು. ಮೇಲಿನ ಬಿಲ್ಲೆ ಹಿಡಿಯ ಜೊತೆ ಸರಿಯುತ್ತದೆ. ಹಿಡಿ ಎತ್ತಿದರೆ ಅದು ತೂತುಗಳನ್ನು ತೆರೆಯುತ್ತದೆ, ಎಡಬಲ ತಿರುಗಿಸಿದರೆ ಬಿಸಿ ಎಷ್ಟು, ತಣ್ಣಗಿನದು ಎಷ್ಟು ಅಂತ ಬದಲಾಗುತ್ತದೆ. ಅಷ್ಟೇ, ಇದರಲ್ಲಿ ಸ್ಪ್ರಿಂಗ್ ಇಲ್ಲ, ಹಳೆ ಕಾಲದ ನಲ್ಲಿಯಲ್ಲಿರುವ ವಾಷರ್ ಇಲ್ಲ. ಎರಡು ಬಿಲ್ಲೆಗಳ ಮುಖವನ್ನು ಎಷ್ಟು ಸಮತಟ್ಟಾಗಿ ಉಜ್ಜಿರುತ್ತಾರೆ ಅಂದರೆ, ಒದ್ದೆ ಮಾಡಿದ ಎರಡು ಗಾಜಿನ ತುಂಡುಗಳ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಸಂದಿಯಲ್ಲಿ ನೀರು ನುಸುಳುವುದಿಲ್ಲ.

ಈ ಬಿಲ್ಲೆಗಳು ಹೆಚ್ಚಾಗಿ ಅಲ್ಯುಮಿನಾದವು, ಅಂದರೆ ಅಲ್ಯುಮಿನಿಯಂ ಆಕ್ಸೈಡ್. ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ವಜ್ರ 10, ಅಲ್ಯುಮಿನಾ 9, ಮರಳಿನಲ್ಲಿರುವ ಬೆಣಚು 7. ನನ್ನ ಹಳೆಯ ಬಿಲ್ಲೆಗಳನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿದರೆ ಹೊಳಪು ಇನ್ನೂ ಹಾಗೇ ಇತ್ತು. ಹೋಗಿದ್ದು ರಬ್ಬರ್. ಕೆಳಗಿನ ಬಿಲ್ಲೆಯನ್ನು ಮೇಲಿನದಕ್ಕೆ ಒತ್ತಿ ಹಿಡಿಯುವುದು ಅದರ ಅಡಿಯಲ್ಲಿರುವ ರಬ್ಬರ್ ಸೀಲುಗಳು. ವರ್ಷಗಟ್ಟಲೆ ಒತ್ತಿಸಿಕೊಂಡು, ಬಿಸಿ ನೀರು ಕುಡಿದು ಅವು ಚಪ್ಪಟೆಯಾಗಿದ್ದವು, ಉಗುರಿನಲ್ಲಿ ಒತ್ತಿದರೆ ತಗ್ಗುತ್ತಲೇ ಇರಲಿಲ್ಲ. ಒಂದರಲ್ಲಿ ಸಣ್ಣ ಬಿರುಕೂ ಇತ್ತು. ರಬ್ಬರ್ ಸೋತರೆ ಬಿಲ್ಲೆಗಳ ನಡುವಿನ ಒತ್ತಡ ಕಡಿಮೆಯಾಗುತ್ತದೆ, ಸಂದಿ ಬಿಡುತ್ತದೆ, ನಲ್ಲಿ ತೊಟ್ಟಿಕ್ಕಲು ಶುರು. ಇದರ ಜೊತೆಗೆ ಗ್ರೀಸ್ ಪೂರ್ತಿ ತೊಳೆದುಹೋಗಿತ್ತು, ಗಡಸು ನೀರಿನ ಬಿಳಿ ಸುಣ್ಣದ ಪದರ ಅಂಚಿನ ಸುತ್ತ ಗಟ್ಟಿಯಾಗಿ ಕೂತಿತ್ತು. ಹಿಡಿ ಬಿಗಿಯಾಗಿದ್ದಕ್ಕೆ ಕಾರಣ ಅದೇ. ಬಿಲ್ಲೆಗಳ ನಡುವೆ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಅದು ಎರಡನ್ನೂ ದೂರ ಹಿಡಿದು ನೀರು ಬಿಡುತ್ತದೆ, ಅದೂ ಒಂದು ಕಾರಣ ಆಗಬಹುದು. ಆದರೆ 'ಸೆರಾಮಿಕ್ ಸವೆದಿದೆ' ಅಂತ ಎಲ್ಲರೂ ಹೇಳುವ ಮಾತು ಹೆಚ್ಚಿನ ಸಲ ಸೆರಾಮಿಕ್ ಬಗ್ಗೆ ಅಲ್ಲ, ರಬ್ಬರ್ ಬಗ್ಗೆ.

ಇದು ಗೊತ್ತಾದ ಮೇಲೆ ಹೊಸದನ್ನು ನೋಡುವ ರೀತಿಯೇ ಬದಲಾಯಿತು. ಹೆಸರಿಲ್ಲದ ಕಾರ್ಟ್ರಿಡ್ಜಿನ ಬಿಲ್ಲೆಗಳಲ್ಲಿ ನನಗೆ ಯಾವ ಕೊರತೆಯೂ ಕಾಣಲಿಲ್ಲ. ಕಂಪನಿಯದಕ್ಕೂ ಇದಕ್ಕೂ ಆ ವಿಷಯದಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಅಡಿಯಲ್ಲಿ. ಕಂಪನಿಯ ಬಿಡಿಭಾಗದ ಸೀಲುಗಳು ದಪ್ಪಗಿವೆ, ತಟ್ಟೆಯ ಮಟ್ಟಕ್ಕಿಂತ ಎಲ್ಲ ಕಡೆ ಒಂದೇ ಸಮ ಮೇಲೆದ್ದಿವೆ, ಬೆರಳಿನಲ್ಲಿ ಒತ್ತಿದರೆ ತಗ್ಗಿ ಮತ್ತೆ ಏಳುತ್ತವೆ. ಹೆಸರಿಲ್ಲದ್ದರಲ್ಲಿ ಒಂದು ಸೀಲ್ ತನ್ನ ಗುಳಿಯಿಂದ ಅರ್ಧ ಹೊರಗೆ ಬಂದೇ ಪೊಟ್ಟಣದಲ್ಲಿತ್ತು. ಅದನ್ನು ಬೆರಳಿನಲ್ಲಿ ಒತ್ತಿ ಕೂರಿಸಬೇಕಾಯಿತು. ರಬ್ಬರಿನ ಅಂಚಿನಲ್ಲಿ ಅಚ್ಚಿನಿಂದ ತೆಗೆದಾಗ ಉಳಿದ ಸಣ್ಣ ಎಳೆಯೂ ಇತ್ತು. ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಅದನ್ನು ನೋಡದೆ ಹಾಗೇ ಕೂರಿಸಿ ನಟ್ ಬಿಗಿದರೆ ಸೀಲ್ ಮಡಚಿಕೊಳ್ಳುತ್ತದೆ, ಹೊಸ ಕಾರ್ಟ್ರಿಡ್ಜ್ ಹಾಕಿದ ಮೊದಲ ದಿನವೇ ಬುಡದಿಂದ ನೀರು ಬರುತ್ತದೆ, ಆಮೇಲೆ 'ಮಾಲು ಸರಿಯಿಲ್ಲ' ಅಂತ ಬಯ್ಯುತ್ತಾ ಕೂರಬೇಕಾಗುತ್ತದೆ.

ಮೇಲಿನ ಕಡ್ಡಿಯ ವಿಷಯದಲ್ಲೂ ಹಾಗೇ. ಹಿಡಿ ಕೂರುವುದು ಆ ಕಡ್ಡಿಯ ಮೇಲೆ. ಕಂಪನಿಯದರಲ್ಲಿ ಕಡ್ಡಿ ಹಿಡಿದು ಅಲುಗಾಡಿಸಿದರೆ ಸದ್ದೇ ಇಲ್ಲ. ಹೆಸರಿಲ್ಲದ್ದರಲ್ಲಿ ಸ್ವಲ್ಪ ಅಲುಗಾಟ ಇದೆ, ಬಳಸುವಾಗ ಹಿಡಿಯ ತುದಿಯಲ್ಲಿ ಅದು ಇನ್ನೂ ಜಾಸ್ತಿ ಗೊತ್ತಾಗುತ್ತದೆ. ನೀರು ಸೋರುವುದಕ್ಕೂ ಇದಕ್ಕೂ ಸಂಬಂಧವಿಲ್ಲ ನಿಜ. ಆದರೆ ದಿನವಿಡೀ ಮುಟ್ಟುವ ವಸ್ತು ಅಲ್ವಾ, ಸಡಿಲ ಅನ್ನಿಸಿದರೆ ಪ್ರತಿ ಸಲವೂ ಅನ್ನಿಸುತ್ತದೆ.

ಇನ್ನು ಅಳತೆ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ಇಂಥ ಕಾರ್ಟ್ರಿಡ್ಜಿನ ಬಗ್ಗೆ ಜನ ಬರೆಯುವ ಕೆಟ್ಟ ಅಭಿಪ್ರಾಯಗಳನ್ನು ಓದಿದರೆ ಅರ್ಧಕ್ಕರ್ಧ 'ಹೊಂದಲಿಲ್ಲ' ಅನ್ನುವವೇ. 'ಯಾವ ನಲ್ಲಿಗೂ ಹೊಂದುತ್ತದೆ' ಅನ್ನುವ ಮಾತನ್ನು ನಂಬಬೇಡಿ. ಒಂದೇ ಹಿಡಿಯ ಮಿಕ್ಸರುಗಳಲ್ಲಿ 35 ಮತ್ತು 40 ಮಿ.ಮೀ. ಜಾಸ್ತಿ ಸಿಗುವ ಅಳತೆಗಳು. ತೆಳ್ಳಗಿನ ಹೊಸ ಮಾದರಿಯ ನಲ್ಲಿಗಳಲ್ಲಿ 25 ಮಿ.ಮೀ. ಕೂಡ ಇರುತ್ತದೆ. ಇದು ಕಾರ್ಟ್ರಿಡ್ಜಿನ ಮೈಯ ಅಡ್ಡಳತೆ, ನಲ್ಲಿಯದ್ದಲ್ಲ, ಹಿಡಿಯದ್ದೂ ಅಲ್ಲ. ಹೊರಗಿನಿಂದ ನೋಡಿ ಅಂದಾಜು ಮಾಡಲು ಆಗುವುದಿಲ್ಲ, ಹಳೆಯದನ್ನು ಹೊರಗೆ ತೆಗೆದು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಬೇಕು. ಕ್ಯಾಲಿಪರ್ ಇಲ್ಲದಿದ್ದರೆ ಅಳತೆಪಟ್ಟಿಯೂ ನಡೆಯುತ್ತದೆ, 35ಕ್ಕೂ 40ಕ್ಕೂ ಇರುವ ಅಂತರ ಅದರಲ್ಲೇ ಗೊತ್ತಾಗುತ್ತದೆ.

ಅಡ್ಡಳತೆ ಒಂದೇ ಆದರೆ ಸಾಲದು. ಕೆಲವು ಕಾರ್ಟ್ರಿಡ್ಜಿಗೆ ಅಡಿ ಚಪ್ಪಟೆ, ಕೆಲವಕ್ಕೆ ಕಾಲು ಇಟ್ಟಂತೆ ಅಡಿ ಎತ್ತರ. ಚಪ್ಪಟೆಯದು ಬೇಕಾದ ಕಡೆ ಎತ್ತರದ್ದನ್ನು ತಂದರೆ ಮೇಲಿನ ನಟ್ ಒಂದು ಸುತ್ತೂ ಹಿಡಿಯುವುದಿಲ್ಲ. ಎತ್ತರದ್ದು ಬೇಕಾದ ಕಡೆ ಚಪ್ಪಟೆಯದು ಹಾಕಿದರೆ ಸೀಲ್ ಕೆಳಗೆ ಮುಟ್ಟುವುದೇ ಇಲ್ಲ. ಆಮೇಲೆ ಅಡಿಯ ಗೂಟಗಳು, ಅವು ನಲ್ಲಿಯೊಳಗಿನ ಸಣ್ಣ ತೂತುಗಳಲ್ಲಿ ಕೂರುತ್ತವೆ, ಅವುಗಳ ಜಾಗ, ನಡುವಿನ ಅಂತರ ಹಳೆಯದರ ಹಾಗೇ ಇರಬೇಕು. ಕಡ್ಡಿಯ ಎತ್ತರ, ಅದರ ಚೌಕದ ಅಗಲ ಕೂಡ. ಚೌಕ ಒಂದಿಷ್ಟು ಚಿಕ್ಕದಾದರೂ ಹಿಡಿ ಲಟಪಟ ಅನ್ನುತ್ತದೆ, ದೊಡ್ಡದಾದರೆ ಕೂರುವುದೇ ಇಲ್ಲ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಹೊಸದರ ಪಕ್ಕ ಇಟ್ಟು ನೋಡುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆನ್‌ಲೈನಿನಲ್ಲಿ ತರಿಸುವುದಾದರೆ ಬರೀ ಮುಂದಿನ ಫೋಟೋ ನೋಡಿ ತರಿಸಬೇಡಿ. ಅಡಿಯ ಫೋಟೋ, ಅಳತೆ ಬರೆದ ಚಿತ್ರ ಎರಡೂ ಇರುವ ಕಡೆಯೇ ತರಿಸಿ. ಅಡಿಯ ಫೋಟೋ ಹಾಕದವರ ಹತ್ತಿರ ಕೊಳ್ಳುವುದು ಸುಮ್ನೆ ಅಪಾಯ.

ಬಿಸಿಗೆ ಬೇರೆ, ತಣ್ಣಗಿನದಕ್ಕೆ ಬೇರೆ ತಿರುಗಣೆ ಇರುವ ನಲ್ಲಿಯಾದರೆ ಒಳಗಿನ ವಸ್ತುವೇ ಬೇರೆ. ಅದು ಕಾಲು ಸುತ್ತು ತಿರುಗುವ ಸ್ಪಿಂಡಲ್. ಅದರಲ್ಲಿ ಮೇಲಿನ ಹಲ್ಲುಗಳ ಎಣಿಕೆ (20 ಅಥವಾ 24 ಹೆಚ್ಚು ಕಾಣುತ್ತವೆ), ಉದ್ದ, ಯಾವ ಕಡೆ ತಿರುಗಿದರೆ ಮುಚ್ಚುತ್ತದೆ ಅನ್ನುವುದು ಮುಖ್ಯ. ಬಿಸಿ ಕಡೆಯದೂ ತಣ್ಣಗಿನ ಕಡೆಯದೂ ಎಷ್ಟೋ ನಲ್ಲಿಗಳಲ್ಲಿ ಎದುರುಬದುರು ತಿರುಗುತ್ತವೆ, ಎರಡಕ್ಕೂ ಒಂದೇ ಥರದ್ದು ತಂದರೆ ಒಂದು ಉಲ್ಟಾ ಆಗುತ್ತದೆ.

ಒಂದು ಮಾತು, ನೀರು ಸೋರಿದ ಮಾತ್ರಕ್ಕೆ ಕಾರ್ಟ್ರಿಡ್ಜ್ ಕೊಳ್ಳಬೇಡಿ. ನಲ್ಲಿ ಮುಚ್ಚಿದ್ದರೂ ಬಾಯಿಯಿಂದ ತೊಟ್ಟಿಕ್ಕುತ್ತಿದ್ದರೆ ಕಾರ್ಟ್ರಿಡ್ಜೇ. ಹಿಡಿಯ ಕೆಳಗೆ ಒಸರುತ್ತಿದ್ದರೂ ಬಹುಮಟ್ಟಿಗೆ ಅದೇ, ಅಥವಾ ಮೇಲಿನ ನಟ್ ಸಡಿಲವಾಗಿರುತ್ತದೆ, ಬರೀ ಬಿಗಿ ಮಾಡಿದರೆ ಸಾಕಾಗುತ್ತದೆ. ಆಚೀಚೆ ತಿರುಗುವ ಕೊಳವೆಯ ಬುಡದಲ್ಲಿ ನೀರು ಬಂದರೆ ಅಲ್ಲಿರುವ ಓ-ರಿಂಗ್ (ದುಂಡು ರಬ್ಬರ್ ಬಳೆ) ಹೋಗಿದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನೀರು ಸಣ್ಣಗೆ ಬರುತ್ತಿದ್ದರೆ ಮೊದಲು ಬಾಯಿಯ ಜಾಲರಿ ಬಿಚ್ಚಿ ತೊಳೆಯಿರಿ. ತಣ್ಣೀರು ಬಿಟ್ಟರೂ ಬೆಚ್ಚಗೆ ಬರುತ್ತಿದೆ, ಹಿಡಿ ತಾನಾಗಿ ಕೆಳಗೆ ಬೀಳುತ್ತಿದೆ, ತಿರುಗಿಸಲು ಬಲ ಬೇಕಾಗುತ್ತಿದೆ ಅಂದರೆ ಕಾರ್ಟ್ರಿಡ್ಜಿನ ಕಡೆ ನೋಡಿ. ತಡ ಮಾಡುವುದೂ ಒಳ್ಳೆಯದಲ್ಲ. ಒಂದು ತೊಟ್ಟಿಗೆ ಕಾಲು ಮಿಲಿಲೀಟರ್ ಅಂತ ಹಿಡಿದು, ಸೆಕೆಂಡಿಗೊಂದು ತೊಟ್ಟು ಬಿದ್ದರೆ, ದಿನಕ್ಕೆ 21 ಲೀಟರಿಗೂ ಜಾಸ್ತಿ. ವರ್ಷಕ್ಕೆ 7,800 ಲೀಟರ್ ದಾಟುತ್ತದೆ. ಕುಡಿಯುವ ನೀರು ಅದು, ಹಾಗೇ ಚರಂಡಿಗೆ ಹೋಗುವುದನ್ನು ನೋಡುತ್ತಾ ಇರಲು ನನಗಂತೂ ಆಗುವುದಿಲ್ಲ.

ಹಾಕುವ ಕೆಲಸ ಹೇಗಿತ್ತು ಅಂತ ಹೇಳುತ್ತೇನೆ. ಹೆಸರಿಲ್ಲದ್ದರ ಪೊಟ್ಟಣದಲ್ಲಿ ಒಂದು ಚೀಟಿಯೂ ಇರಲಿಲ್ಲ. ಕಂಪನಿಯದರಲ್ಲಿ ಚಿತ್ರಗಳಿರುವ ಒಂದು ಹಾಳೆ ಇತ್ತು, ಅದರಲ್ಲಿ ನಟ್ ಎಷ್ಟು ಬಿಗಿಯಬೇಕು ಅನ್ನುವುದನ್ನೂ ತೋರಿಸಿದ್ದರು. ಮೊದಲ ಸಲ ಮಾಡುವವರಿಗೆ ಈ ಹಾಳೆ ನಿಜಕ್ಕೂ ಉಪಯೋಗ.

ಸಿಂಕಿನ ಕೆಳಗಿರುವ ಬಿಸಿ ಮತ್ತು ತಣ್ಣೀರಿನ ಎರಡೂ ವಾಲ್ವ್ ಮುಚ್ಚಿ. ಅವು ಪೂರ್ತಿ ಮುಚ್ಚುತ್ತಿಲ್ಲ ಅಂದರೆ ಮನೆಯ ಮುಖ್ಯ ವಾಲ್ವ್ ಮುಚ್ಚಿ. ನಲ್ಲಿ ತೆರೆದು ಉಳಿದ ನೀರು ಇಳಿಯಲು ಬಿಡಿ, ಹಿಡಿಯನ್ನು ಬಿಸಿ ಕಡೆಗೂ ತಣ್ಣನೆಯ ಕಡೆಗೂ ತಿರುಗಿಸಿ ನೋಡಿ. ಸಿಂಕಿನ ತೂತಿಗೆ ಒಂದು ಬಟ್ಟೆ ತುರುಕಿ. ಹಿಡಿಯ ಸ್ಕ್ರೂ ಬಹಳ ಚಿಕ್ಕದು, ಜಾರಿ ಕೊಳವೆಯೊಳಗೆ ಹೋದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆ ಸ್ಕ್ರೂ ಕೆಂಪು-ನೀಲಿ ಗುರುತಿನ ಸಣ್ಣ ಬಿಲ್ಲೆಯ ಹಿಂದೆ ಇರುತ್ತದೆ, ಹೆಚ್ಚಾಗಿ 2.5 ಅಥವಾ 3 ಮಿ.ಮೀ. ಅಲೆನ್ ಕೀಗೆ ತಿರುಗುತ್ತದೆ. ಕೀಯನ್ನು ಪೂರ್ತಿ ಒಳಗೆ ಕೂರಿಸಿ ಆಮೇಲೇ ತಿರುಗಿಸಿ. ಅರ್ಧ ಕೂತ ಕೀಯಲ್ಲಿ ಬಲ ಹಾಕಿದರೆ ಸ್ಕ್ರೂವಿನ ಮೂಲೆಗಳು ಸವೆದು ದುಂಡಗಾಗುತ್ತವೆ.

ಹಿಡಿ ಬಂದ ಮೇಲೆ ಹೊಳೆಯುವ ದುಂಡು ಮುಚ್ಚಳ, ಅದರ ಕೆಳಗೆ ಹಿತ್ತಾಳೆಯ ನಟ್. ಇಡೀ ಕೆಲಸದಲ್ಲಿ ಕಷ್ಟ ಇರುವುದು ಇಲ್ಲಿ ಮಾತ್ರ. ಸುಣ್ಣದ ಪದರ ಮುಚ್ಚಳವನ್ನೂ ನಟ್ಟನ್ನೂ ಕಚ್ಚಿ ಹಿಡಿದಿರುತ್ತದೆ. ಮುಚ್ಚಳಕ್ಕೆ ಬರೀ ಇಕ್ಕಳ ಹಾಕಿದರೆ ಹೊಳಪು ಹೋಗುತ್ತದೆ, ನಡುವೆ ದಪ್ಪ ಬಟ್ಟೆ ಅಥವಾ ರಬ್ಬರ್ ತುಂಡು ಇರಲಿ. ಬರದಿದ್ದರೆ ಬಿಳಿ ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ ಸ್ವಲ್ಪ ಹೊತ್ತು ಬಿಡಿ, ಸುಣ್ಣ ಮೆತ್ತಗಾಗುತ್ತದೆ, ಆಮೇಲೆ ಚೆನ್ನಾಗಿ ತೊಳೆಯಿರಿ. ಶೌಚಾಲಯ ತೊಳೆಯುವ ಆ್ಯಸಿಡ್ ಹತ್ತಿರವೂ ತರಬೇಡಿ, ಅದು ಕ್ರೋಮ್ ಲೇಪವನ್ನೇ ತಿನ್ನುತ್ತದೆ. ನಟ್ ಬಿಚ್ಚುವಾಗ ಒಂದು ಕೈಯಲ್ಲಿ ನಲ್ಲಿಯ ಮೈಯನ್ನು ಗಟ್ಟಿಯಾಗಿ ಹಿಡಿದಿರಬೇಕು, ಇಲ್ಲದಿದ್ದರೆ ಇಡೀ ನಲ್ಲಿಯೇ ಸಿಂಕಿನ ಮೇಲೆ ತಿರುಗಿ ಕೆಳಗಿನ ಪೈಪುಗಳು ಹೊರಳುತ್ತವೆ.

ಕಾರ್ಟ್ರಿಡ್ಜ್ ನೇರ ಮೇಲಕ್ಕೆ ಬರುತ್ತದೆ. ತೆಗೆಯುವ ಮೊದಲು ಅದು ಯಾವ ಕಡೆಗೆ ಕೂತಿದೆ ಅಂತ ಫೋಟೋ ತೆಗೆದುಕೊಳ್ಳಿ. ಈಗ ಎಲ್ಲರೂ ಅವಸರ ಮಾಡುವ, ಅವಸರ ಮಾಡಲೇಬಾರದ ಜಾಗ: ಅದು ಕೂರುವ ಗುಳಿ. ಹಳೆ ರಬ್ಬರಿನ ಚೂರು, ಸುಣ್ಣದ ಹರಳು, ಮರಳು ಅಲ್ಲಿ ಉಳಿದಿರುತ್ತದೆ. ಹೊಸ ಸೀಲ್ ಕೂರುವುದು ಇದರ ಮೇಲೆಯೇ. ಕಬ್ಬಿಣದ ಚೂಪು ವಸ್ತುವಿನಿಂದ ಕೆರೆಯಬೇಡಿ, ಹಿತ್ತಾಳೆ ಮೆತ್ತಗಿನ ಲೋಹ, ಗೀರು ಬಿದ್ದರೆ ಆ ಗೀರಿನಿಂದಲೇ ಸೋರುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್, ವಿನೆಗರ್, ಬಟ್ಟೆ ಸಾಕು. ಆಮೇಲೆ ನಲ್ಲಿಯ ಮೇಲೆ ಒಂದು ಪಾತ್ರೆ ಬೋರಲು ಹಿಡಿದು ಕೆಳಗಿನ ವಾಲ್ವನ್ನು ಒಂದು ಕ್ಷಣ ಸಣ್ಣಗೆ ತೆರೆದು ಮುಚ್ಚಿದರೆ ಪೈಪಿನಲ್ಲಿರುವ ಕಸ ಹೊರಗೆ ಬರುತ್ತದೆ. ಇದಕ್ಕೆ ಇಬ್ಬರಿದ್ದರೆ ಒಳ್ಳೆಯದು. ಬಿಸಿ ನೀರಿನ ಕಡೆಯನ್ನು ತೆರೆಯುವಾಗ ಕೈ ದೂರ ಇರಲಿ.

ಹೊಸದರ ಗೂಟಗಳು ತೂತಿಗೆ ಕೂತ ಮೇಲೆ ಕಾರ್ಟ್ರಿಡ್ಜ್ ತಿರುಗುವುದಿಲ್ಲ. ತಿರುಗುತ್ತಿದ್ದರೆ ಕೂತಿಲ್ಲ ಅಂತಲೇ ಅರ್ಥ. ಸೀಲುಗಳಿಗೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಬಹುದು. ಪೆಟ್ರೋಲಿಯಂ ಜೆಲ್ಲಿ ಬೇಡ, ನೀರಿನ ಸೀಲುಗಳಿಗೆ ಜಾಸ್ತಿ ಬಳಸುವ ಇಪಿಡಿಎಂ ರಬ್ಬರ್ ಪೆಟ್ರೋಲಿಯಂ ಎಣ್ಣೆಗೆ ಉಬ್ಬುತ್ತದೆ. ಟೆಫ್ಲಾನ್ ಟೇಪ್ ಕೂಡ ಇಲ್ಲಿ ಬೇಕಿಲ್ಲ, ನೀರು ತಡೆಯುವುದು ರಬ್ಬರ್, ಥ್ರೆಡ್ ಅಲ್ಲ. ನಟ್ಟನ್ನು ಕೈಯಲ್ಲೇ ಪೂರ್ತಿ ಬಿಗಿದು, ಆಮೇಲೆ ಸ್ಪ್ಯಾನರಿನಲ್ಲಿ ಸ್ವಲ್ಪವೇ ಸ್ವಲ್ಪ. ಜಾಸ್ತಿ ಬಿಗಿದರೆ ಹಿಡಿ ಬಿಗಿಯಾಗುತ್ತದೆ, ಪ್ಲಾಸ್ಟಿಕ್ ಮೈ ಒಡೆಯಲೂಬಹುದು. ನೀರು ಬಿಡುವ ಮೊದಲು ಬಾಯಿಯ ಜಾಲರಿ ಬಿಚ್ಚಿ ಪಕ್ಕಕ್ಕಿಡಿ, ನಲ್ಲಿಯನ್ನು ತೆರೆದ ಸ್ಥಿತಿಯಲ್ಲಿ ಇಟ್ಟು ಕೆಳಗಿನ ವಾಲ್ವುಗಳನ್ನು ನಿಧಾನಕ್ಕೆ ತೆರೆಯಿರಿ. ಮೊದಲು ಗಾಳಿ ಬುಸುಗುಟ್ಟುತ್ತದೆ, ಆಮೇಲೆ ಕಸದ ನೀರು, ಆಮೇಲೆ ತಿಳಿ ನೀರು. ನಂತರ ನಲ್ಲಿ ಮುಚ್ಚಿ, ನಟ್ಟಿನ ಸುತ್ತ ಒಣ ಟಿಶ್ಯೂ ಕಾಗದ ಸುತ್ತಿಟ್ಟು ಸ್ವಲ್ಪ ಹೊತ್ತು ಬಿಟ್ಟು ನೋಡಿ. ಒಂದು ಹನಿ ಒಸರಿದರೂ ಕಾಗದ ಹೇಳುತ್ತದೆ.

ಈಗ ಬಳಕೆಯ ಮಾತು. ನೀರಿನ ರಭಸದಲ್ಲಿ ಎರಡಕ್ಕೂ ದೂರಿಲ್ಲ. ವ್ಯತ್ಯಾಸ ಸಿಕ್ಕಿದ್ದು ಬಿಸಿ-ತಣ್ಣಗಿನ ಹದ ಹಿಡಿಯುವಾಗ. ಕಂಪನಿಯದರಲ್ಲಿ ಹಿಡಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದಂತೆ ಬಿಸಿ ನಿಧಾನಕ್ಕೆ ಏರುತ್ತದೆ, ಬೆಚ್ಚಗಿನ ನೀರು ಸಿಗುವ ಜಾಗ ಅಗಲವಾಗಿದೆ. ಹೆಸರಿಲ್ಲದ್ದರಲ್ಲಿ ಆ ಜಾಗ ಇಕ್ಕಟ್ಟು. ಕೂದಲೆಳೆಯಷ್ಟು ಸರಿಸಿದರೆ ತಣ್ಣಗಿದ್ದದ್ದು ಬಿಸಿಯಾಗಿಬಿಡುತ್ತದೆ. ಪಾತ್ರೆ ತೊಳೆಯುವ ಸಿಂಕಿಗೆ ಇದು ನಡೆಯುತ್ತದೆ, ಮಕ್ಕಳು ಕೈ ತೊಳೆಯುವ ಕಡೆ ನನಗೆ ಬೇಡ. ಹಿಡಿಯನ್ನು ಥಟ್ಟನೆ ಮುಚ್ಚಿದರೆ ಪೈಪಿನಲ್ಲಿ 'ಠಕ್' ಅನ್ನುವ ಸದ್ದು ಎರಡರಲ್ಲೂ ಬರುತ್ತದೆ. ಸೆರಾಮಿಕ್ ಬಿಲ್ಲೆ ನೀರನ್ನು ಒಮ್ಮೆಗೇ ನಿಲ್ಲಿಸುವುದರಿಂದ ಅದು ಸಹಜ, ನಿಧಾನಕ್ಕೆ ಮುಚ್ಚಿದರೆ ಬರುವುದಿಲ್ಲ.

ಕಂಪನಿಯದರ ಜೊತೆ ಒಂದು ಪ್ಲಾಸ್ಟಿಕ್ ಬಳೆ ಬಂದಿದೆ, ಹಲ್ಲುಹಲ್ಲಾಗಿದೆ, ಅದನ್ನು ಕಡ್ಡಿಯ ಸುತ್ತ ಕೂರಿಸಿ ಹಿಡಿ ಬಿಸಿ ಕಡೆಗೆ ಎಷ್ಟು ದೂರ ಹೋಗಬಹುದು ಅಂತ ಮಿತಿ ಹಾಕಬಹುದು. ಎಷ್ಟೋ ಜನ ಅದನ್ನು ಬೇಡದ ಚೂರು ಅಂತ ಎಸೆಯುತ್ತಾರೆ. ದಯವಿಟ್ಟು ಎಸೆಯಬೇಡಿ. 60 ಡಿಗ್ರಿ ಸೆಲ್ಸಿಯಸ್ ನೀರಿಗೆ ಚರ್ಮ ಸುಡಲು ಕೆಲವೇ ಸೆಕೆಂಡು ಸಾಕು, 50ರ ಆಸುಪಾಸಿನಲ್ಲಿ ನಿಮಿಷಗಳು ಬೇಕು. ಮನೆಯಲ್ಲಿ ಚಿಕ್ಕವರು, ವಯಸ್ಸಾದವರು ಇದ್ದರೆ ಈ ಬಳೆಯೊಂದೇ ಸಾಕು ಕಂಪನಿಯ ಬಿಡಿಭಾಗ ಕೊಳ್ಳಲು. ಒಂದೇ ಹಿಡಿಯ ನಲ್ಲಿ ಹುಟ್ಟಿದ್ದೂ ಇದೇ ಕಾರಣಕ್ಕೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಆಲ್ ಮೋಯೆನ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ ಎರಡು ತಿರುಗಣೆಯ ನಲ್ಲಿಯಲ್ಲಿ ಬಿಸಿ ನೀರು ಕೈ ಮೇಲೆ ಬಿದ್ದು ಈ ಯೋಚನೆ ಬಂತು, 1947ರಲ್ಲಿ ಅವರ ನಲ್ಲಿ ಮಾರಾಟಕ್ಕೆ ಬಂತು. ಸುಡಬಾರದು ಅಂತ ಹುಟ್ಟಿದ ವಸ್ತುವಿನಲ್ಲಿ ಸುಡದಂತೆ ತಡೆಯುವ ಬಳೆಯನ್ನೇ ಕೊಡದಿರುವುದು ಹೆಸರಿಲ್ಲದ್ದರ ಬಗ್ಗೆ ನನ್ನ ದೊಡ್ಡ ದೂರು. ಅದೇ ಅಳತೆಯ ಬೇರೆ ಕಾರ್ಟ್ರಿಡ್ಜುಗಳಲ್ಲಿ ಬಳೆ ಕೊಡುತ್ತಾರೆ, ಕೊಳ್ಳುವ ಮೊದಲು ಕೇಳಿ.

ಎಷ್ಟು ವರ್ಷ ಬರುತ್ತದೆ ಅನ್ನುವ ಪ್ರಶ್ನೆಗೆ ಪೊಟ್ಟಣದ ಮೇಲೆ 'ಐದು ಲಕ್ಷ ಸಲ' ಅಂತ ಅಚ್ಚು ಹಾಕಿರುತ್ತಾರೆ. ಈ ಅಂಕಿ ಸುಮ್ನೆ ಬಂದದ್ದಲ್ಲ. ಉತ್ತರ ಅಮೆರಿಕದ ಎಎಸ್‌ಎಂಇ ಎ112.18.1 ಮಾನದಂಡದಲ್ಲಿ ನಲ್ಲಿಯ ಬಾಳಿಕೆ ಪರೀಕ್ಷೆ 5,00,000 ಸುತ್ತು. ಯುರೋಪಿನ ಇಎನ್ 817ರಲ್ಲಿ ಮಿಕ್ಸರುಗಳಿಗೆ 70,000 ಸುತ್ತು. ದಿನಕ್ಕೆ 40 ಸಲ ತೆರೆದು ಮುಚ್ಚಿದರೆ 70,000ಕ್ಕೆ ಐದು ವರ್ಷದ ಹತ್ತಿರ ಆಗುತ್ತದೆ, 5,00,000ಕ್ಕೆ 34 ವರ್ಷ. ಆದರೆ ಪರೀಕ್ಷೆ ಮಾಡುವ ಕಡೆ ನಮ್ಮ ನಿಮ್ಮ ಪೈಪಿನ ಮರಳು ಇರುವುದಿಲ್ಲ, ಸುಣ್ಣ ಕಟ್ಟಲು ವರ್ಷಗಳ ಸಮಯವೂ ಇರುವುದಿಲ್ಲ. ಮೇಲಾಗಿ ಮಾನದಂಡದ ಹೆಸರೇ ಹಾಕದೆ ಬರೀ ಅಂಕಿ ಅಚ್ಚು ಹಾಕಿದ್ದರೆ ಅದಕ್ಕೆ ಬೆಲೆ ಕೊಡಬೇಡಿ. ನನ್ನ ಹೆಸರಿಲ್ಲದ ಕಾರ್ಟ್ರಿಡ್ಜಿನ ಪೊಟ್ಟಣದಲ್ಲಿ ಇದ್ದದ್ದು ಹಾಗೇ, ಬರೀ ಅಂಕಿ. ನಾನು ನೋಡುವುದು ಬಿಡಿಭಾಗ ಮುಂದೆಯೂ ಸಿಗುತ್ತದಾ ಅನ್ನುವುದನ್ನು. ಹೆಸರಿಲ್ಲದ 35 ಮಿ.ಮೀ. ಚಪ್ಪಟೆ ಅಡಿಯದು ಎಲ್ಲೆಂದರಲ್ಲಿ ಸಿಗುತ್ತದೆ, ಅದು ಅದರ ದೊಡ್ಡ ಬಲ. ಕೆಲವು ಕಂಪನಿಗಳು ತಮ್ಮದೇ ಆಕಾರದ ಕಾರ್ಟ್ರಿಡ್ಜ್ ಮಾಡಿ, ಆ ಮಾದರಿಯ ನಲ್ಲಿ ನಿಂತ ಮೇಲೆ ಬಿಡಿಭಾಗವನ್ನೂ ನಿಲ್ಲಿಸಿಬಿಟ್ಟರೆ ಚಿನ್ನದಂಥ ನಲ್ಲಿಯೂ ಕಸವೇ. ಹೊಸ ನಲ್ಲಿ ಕೊಳ್ಳುವಾಗಲೇ ಒಳಗಿನದು ಯಾವ ಅಳತೆ ಅಂತ ಕೇಳುವ ರೂಢಿ ಬರಬೇಕು.

ಸಿಂಕಿಗೆ ಹೆಸರಿಲ್ಲದ್ದೇ ಇರಲಿ, ನನಗೆ ತೊಂದರೆಯಿಲ್ಲ, ಸೀಲ್ ನೋಡಿ ಕೂರಿಸಿದ್ದರೆ ಸಾಕು. ಬೇಸಿನ್ನಿಗೆ, ಸ್ನಾನದ ನಲ್ಲಿಗೆ ಕಂಪನಿಯದೇ ಹಾಕುತ್ತೇನೆ. ಗೋಡೆಯೊಳಗೆ ಹುದುಗಿಸಿದ ಮಿಕ್ಸರಿಗಂತೂ ಬೇರೆ ಮಾತೇ ಇಲ್ಲ, ಅಲ್ಲಿ ಸೋರಿದರೆ ಕಣ್ಣಿಗೆ ಕಾಣುವ ಹೊತ್ತಿಗೆ ಗೋಡೆ ನೆನೆದಿರುತ್ತದೆ.

ಇನ್ನು ಯಾವುದನ್ನೂ ಕೊಳ್ಳಬಾರದ ಸಂದರ್ಭವೂ ಇದೆ. ಗುಳಿಯನ್ನು ತೊಳೆದು ನೋಡಿದಾಗ ಸೀಲ್ ಕೂರುವ ಜಾಗದಲ್ಲೇ ಲೋಹ ತಿಂದುಹೋಗಿ ಕುಳಿ ಬಿದ್ದಿದ್ದರೆ, ನಟ್ ತೆಗೆಯುವಾಗ ಥ್ರೆಡ್ ಕಿತ್ತು ಬಂದಿದ್ದರೆ, ಅಥವಾ ನಲ್ಲಿಯ ಮೈಯಲ್ಲೇ ಸೀಳು ಕಂಡರೆ ಎಂಥ ಕಾರ್ಟ್ರಿಡ್ಜ್ ಹಾಕಿದರೂ ನೀರು ನಿಲ್ಲುವುದಿಲ್ಲ, ನಲ್ಲಿ ಬದಲಿಸಿ. ನಟ್ ವಿನೆಗರಿಗೂ ಜಗ್ಗದೆ ಕೂತಿದ್ದರೆ ಉದ್ದದ ಪೈಪ್ ಸಿಕ್ಕಿಸಿ ಬಲ ಹಾಕುವುದು ಬೇಡ, ಮುರಿಯುವುದು ನಟ್ ಅಲ್ಲ, ಕೆಳಗಿನ ಪೈಪಿನ ಜೋಡಣೆ. ಅಲ್ಲಿಗೆ ನಿಲ್ಲಿಸಿ ಪ್ಲಂಬರನ್ನು ಕರೆಯಿರಿ, ಹಳೆ ಕಾರ್ಟ್ರಿಡ್ಜಿನ ಅಳತೆ ತಿಳಿಯುವ ತನಕ ಹೊಸ ಕಾರ್ಟ್ರಿಡ್ಜ್ ತರಿಸಿಟ್ಟುಕೊಳ್ಳಬೇಡಿ.